ತಪ್ಪು ಓಲೆಯನ್ನು ಹರಿದು ಹಾಕುವ ಜೀವಕೋಶ

"ಹಕೀಂ ಸಾಬ್, ನನಗೂ ಏನೂ ಕಾಯಿಲೆ ಇಲ್ಲ, ಇವಳಿಗೂ ಇಲ್ಲ. ನಮ್ಮ ಅಬ್ಬಾ, ದಾದಾ ಯಾರಿಗೂ ಇರಲಿಲ್ಲ. ಮಗುವಿಗೆ ಇದು ಎಲ್ಲಿಂದ ಬಂತು?"

ಥಲಸ್ಸೀಮಿಯಾ ಇದೆಯೆಂದು ದೊಡ್ಡ ಆಸ್ಪತ್ರೆಯಲ್ಲಿ ಖಚಿತವಾದ ಮೇಲೆ, ಯುನಾನಿಯಲ್ಲಿ ಏನಾದರೂ ದಾರಿ ಇದೆಯೇ ಎಂದು ಫೈಲು ಹಿಡಿದು ಮತ್ತಿಕೆರೆಯ ನನ್ನ ದವಾಖಾನೆಗೆ ಬರುವ ತಂದೆ-ತಾಯಂದಿರು ಕೇಳುವ ಮೊದಲ ಪ್ರಶ್ನೆ ಇದೇ. ಕೆಲವರು ನಜರ್ ತಗುಲಿದೆ ಎನ್ನುತ್ತಾರೆ. ಕೆಲವರು ಗರ್ಭಿಣಿಯಾಗಿದ್ದಾಗ ಸೊಸೆ ಸರಿಯಾಗಿ ತಿನ್ನಲಿಲ್ಲ ಎಂದು ಅವಳ ಮೇಲೆ ಹೊರಿಸುತ್ತಾರೆ. ಎರಡೂ ನಿಜವಲ್ಲ. ಕಾಯಿಲೆ ಬಂದಿರುವುದು ತಂದೆ-ತಾಯಿ ಇಬ್ಬರಿಂದಲೂ ಸಮನಾಗಿ. ಅವರಿಬ್ಬರೂ ಇಷ್ಟು ವರ್ಷ ಆರೋಗ್ಯವಾಗಿ ಇದ್ದುದಕ್ಕೆ ಒಂದು ದೊಡ್ಡ ಕಾರಣ, ನಮ್ಮ ಜೀವಕೋಶಗಳ ಒಳಗೆ ಹಗಲು ರಾತ್ರಿ ನಡೆಯುವ ಒಂದು ತಪಾಸಣೆ. ಅದನ್ನು ಅರ್ಥ ಮಾಡಿಕೊಂಡರೆ, ಮದುವೆಗೆ ಮುಂಚೆ ಒಂದು ರಕ್ತಪರೀಕ್ಷೆ ಏಕೆ ಬೇಕು ಎಂಬುದೂ ಅರ್ಥವಾಗುತ್ತದೆ.

ನಮ್ಮ ರಕ್ತ ಕೆಂಪಾಗಿರುವುದು ಹಿಮೋಗ್ಲೋಬಿನ್‌ನಿಂದ. ಉಸಿರಿನ ಆಮ್ಲಜನಕವನ್ನು ಶ್ವಾಸಕೋಶದಿಂದ ಇಡೀ ದೇಹಕ್ಕೆ ಹೊತ್ತೊಯ್ಯುವುದು ಅದೇ. ಒಂದೊಂದು ಹಿಮೋಗ್ಲೋಬಿನ್‌ನಲ್ಲಿ ನಾಲ್ಕು ಪ್ರೋಟೀನ್ ಸರಪಳಿಗಳಿವೆ: ಎರಡು ಆಲ್ಫಾ, ಎರಡು ಬೀಟಾ. ಬೀಟಾ ಸರಪಳಿಯಲ್ಲಿ 146 ಕೊಂಡಿಗಳು. ಈ ಕೊಂಡಿಗಳನ್ನು ಯಾವ ಕ್ರಮದಲ್ಲಿ ಪೋಣಿಸಬೇಕು ಎಂಬ ವಿವರ ಜೀವಕೋಶದ ಕೇಂದ್ರದಲ್ಲಿರುವ ಡಿಎನ್‌ಎಯಲ್ಲಿ, ಬೀಟಾ ಗ್ಲೋಬಿನ್ ಎಂಬ ವಂಶವಾಹಿಯಲ್ಲಿ ಬರೆದಿದೆ. ಈ ವಂಶವಾಹಿಯ ಎರಡು ಪ್ರತಿಗಳು ನಮ್ಮಲ್ಲಿವೆ. ಒಂದು ತಾಯಿಯಿಂದ ಬಂದದ್ದು, ಒಂದು ತಂದೆಯಿಂದ.

ಡಿಎನ್‌ಎ ಕೋಶಕೇಂದ್ರವನ್ನು ಬಿಟ್ಟು ಹೊರಗೆ ಬರುವುದಿಲ್ಲ. ಸರಪಳಿ ತಯಾರಾಗುವುದು ಮಾತ್ರ ಹೊರಗೆ, ರೈಬೋಸೋಮ್ ಎಂಬ ಸಣ್ಣ ಯಂತ್ರಗಳಲ್ಲಿ. ಹಾಗಾಗಿ ಒಳಗಿನ ಬರಹದ ಒಂದು ನಕಲು ತಯಾರಾಗಿ ಹೊರಗೆ ಹೋಗುತ್ತದೆ. ಇದೇ ಸಂದೇಶವಾಹಕ ಆರ್‌ಎನ್‌ಎ, ಅಂದರೆ ಎಂಆರ್‌ಎನ್‌ಎ. ಕೊರೊನಾ ಸಮಯದಲ್ಲಿ ಫೈಜರ್, ಮೊಡೆರ್ನಾ ಲಸಿಕೆಗಳ ಸುದ್ದಿಯಲ್ಲಿ ಈ ಹೆಸರನ್ನು ನೀವೆಲ್ಲ ಕೇಳಿದ್ದೀರಿ. (ನಮ್ಮಲ್ಲಿ ಹೆಚ್ಚಿನವರು ಹಾಕಿಸಿಕೊಂಡ ಕೋವಿಶೀಲ್ಡ್, ಕೋವ್ಯಾಕ್ಸಿನ್ ಆ ಬಗೆಯವಲ್ಲ.) ಇಲ್ಲಿ ನಾವು ಅದನ್ನು ಸುಲಭವಾಗಿ ಓಲೆ ಎಂದು ಕರೆಯೋಣ.

ಈ ಓಲೆ ಮೊದಲು ಬರೆದಂತೆಯೇ ಹೊರಗೆ ಹೋಗುವುದಿಲ್ಲ. ಬೀಟಾ ಗ್ಲೋಬಿನ್‌ನ ಮೊದಲ ನಕಲಿನಲ್ಲಿ ಕೆಲಸಕ್ಕೆ ಬರುವ ತುಂಡುಗಳು ಮೂರು. ಅವುಗಳ ನಡುವೆ ಕೆಲಸಕ್ಕೆ ಬಾರದ ಎರಡು ತುಂಡುಗಳು ಇರುತ್ತವೆ. ಟೈಲರ್ ಅಂಗಡಿಯಲ್ಲಿ ಮಾಡುವಂತೆಯೇ, ಬೇಡದ್ದನ್ನು ಕತ್ತರಿಸಿ ತೆಗೆದು ಬೇಕಾದ ಮೂರನ್ನು ಜೋಡಿಸಿ ಹೊಲಿಯಲಾಗುತ್ತದೆ. ಎರಡು ಹೊಲಿಗೆ ಬೀಳುತ್ತವೆ. ಪ್ರತಿ ಹೊಲಿಗೆಗೆ ಸ್ವಲ್ಪ ಹಿಂದೆ, ಸುಮಾರು 20ರಿಂದ 24 ಅಕ್ಷರ ಹಿಂದೆ, ಕೋಶವು ಕೆಲವು ಪ್ರೋಟೀನ್‌ಗಳ ಒಂದು ಗಂಟನ್ನು ಅಂಟಿಸಿ ಬಿಡುತ್ತದೆ. ಹೊಲಿದ ಜಾಗದ ಬಳಿ ದರ್ಜಿ ಗುಂಡುಪಿನ್ ಚುಚ್ಚಿ ಬಿಟ್ಟ ಹಾಗೆ. ಈ ಗುಂಡುಪಿನ್ನುಗಳನ್ನು ನೆನಪಿಡಿ. ತಪ್ಪು ಸಿಕ್ಕಿಬೀಳುವುದೇ ಇವುಗಳಿಂದ.

ಹೊರಗೆ ಬಂದ ಓಲೆಯನ್ನು ರೈಬೋಸೋಮ್ ಮೂರು ಮೂರು ಅಕ್ಷರಗಳಾಗಿ ಓದುತ್ತದೆ. ಮೂರು ಅಕ್ಷರ ಸೇರಿದರೆ ಒಂದು ಪದ, ಒಂದು ಪದಕ್ಕೆ ಸರಪಳಿಯ ಒಂದು ಕೊಂಡಿ. ಕೊನೆಯಲ್ಲಿ 'ಇಲ್ಲಿಗೆ ನಿಲ್ಲಿಸು' ಎಂಬ ಅರ್ಥದ ಪದ ಬರುತ್ತದೆ. ಅಲ್ಲಿ ಕೆಲಸ ಮುಗಿಯುತ್ತದೆ.

ಕನ್ನಡದಲ್ಲೇ ಒಂದು ಉದಾಹರಣೆ ನೋಡೋಣ: ಸಲೀಮ ಬಿಳಿಯ ಕಮೀಜ ಹೊಲಿದ. ಎಲ್ಲವೂ ಮೂರಕ್ಷರದ ಪದಗಳು. ಇದರಲ್ಲಿ 'ಳಿ' ಎಂಬ ಒಂದೇ ಅಕ್ಷರ ಬಿಟ್ಟುಹೋಯಿತು ಎನ್ನಿ. ಮೂರು ಮೂರಾಗಿಯೇ ಓದುವ ಹಟ ಹಿಡಿದರೆ ಅದು 'ಸಲೀಮ ಬಿಯಕ ಮೀಜಹೊ ಲಿದ' ಎಂದಾಗುತ್ತದೆ. ತಪ್ಪಿದ್ದು ಒಂದು ಅಕ್ಷರ, ಕೆಟ್ಟದ್ದು ಅಲ್ಲಿಂದ ಮುಂದಿನ ಇಡೀ ವಾಕ್ಯ.

ಭಾರತದಲ್ಲಿ ಹೆಚ್ಚಾಗಿ ಕಾಣುವ ಐದು ಬೀಟಾ ಥಲಸ್ಸೀಮಿಯಾ ದೋಷಗಳಲ್ಲಿ ಒಂದು ಸರಿಯಾಗಿ ಇಂಥದ್ದೇ. 41 ಮತ್ತು 42ನೇ ಪದಗಳ ಜಾಗದಲ್ಲಿ ನಾಲ್ಕು ಅಕ್ಷರಗಳು ಕಳೆದುಹೋಗಿರುತ್ತವೆ. ಅಲ್ಲಿಂದ ಮುಂದಿನ ಓದು ಹಳಿ ತಪ್ಪುತ್ತದೆ. ಹಳಿ ತಪ್ಪಿದ ಆ ಅರ್ಥವಿಲ್ಲದ ಓದಿನಲ್ಲಿ 59ನೇ ಜಾಗದಲ್ಲಿ ಅಕಸ್ಮಾತ್ತಾಗಿ ಒಂದು 'ನಿಲ್ಲಿಸು' ಪದ ಹುಟ್ಟಿಕೊಳ್ಳುತ್ತದೆ. 146 ಕೊಂಡಿಗಳ ಸರಪಳಿ ಅರ್ಧವೂ ಆಗದೆ ತುಂಡಾಗಬೇಕಾಗುತ್ತದೆ.

ಈ 'ನಿಲ್ಲಿಸು' ನಿಜವಾದದ್ದೋ ತಪ್ಪಿ ಬಂದದ್ದೋ ಎಂದು ಕೋಶಕ್ಕೆ ಗೊತ್ತಾಗುವುದು ಹೇಗೆ? ಅಕ್ಷರ ನೋಡಿದರೆ ಎರಡೂ ಒಂದೇ. ಇಲ್ಲಿಯೇ ಗುಂಡುಪಿನ್ನು ಕೆಲಸಕ್ಕೆ ಬರುವುದು. ರೈಬೋಸೋಮ್ ಓಲೆಯನ್ನು ಮೊದಲ ಸಲ ಓದುತ್ತಾ ಹೋಗುವಾಗ ದಾರಿಯಲ್ಲಿ ಸಿಕ್ಕ ಪಿನ್ನುಗಳನ್ನೆಲ್ಲ ಕಿತ್ತು ಹಾಕುತ್ತಾ ಹೋಗುತ್ತದೆ. ಸರಿಯಾದ ಓಲೆಯಲ್ಲಿ 'ನಿಲ್ಲಿಸು' ಪದ ಇರುವುದು ಕೊನೆಯ ತುಂಡಿನಲ್ಲಿ. ಅಲ್ಲಿ ತಲುಪುವಷ್ಟರಲ್ಲಿ ಒಂದು ಪಿನ್ನೂ ಉಳಿದಿರುವುದಿಲ್ಲ. ಆದರೆ 59ನೇ ಪದದಲ್ಲೇ ಓದು ನಿಂತರೆ ಏನಾಗುತ್ತದೆ? ಎರಡನೇ ಹೊಲಿಗೆ ಇರುವುದು 104ನೇ ಪದದ ಬಳಿ. ಅದರ ಪಿನ್ನು ಇನ್ನೂ ಚುಚ್ಚಿಕೊಂಡೇ ಇದೆ. ನಿಂತ ಜಾಗದಿಂದ ಮುಂದೆ ಪಿನ್ನು ಉಳಿದಿದೆ ಎಂದರೆ ಓದು ಅಕಾಲದಲ್ಲಿ ನಿಂತಿದೆ ಎಂದರ್ಥ. ಕೊನೆಯ ಹೊಲಿಗೆಗಿಂತ ಸುಮಾರು 50-55 ಅಕ್ಷರಗಳಿಗೂ ಹೆಚ್ಚು ಹಿಂದೆ 'ನಿಲ್ಲಿಸು' ಬಂದರೆ ಆ ಓಲೆಯನ್ನು ಕೋಶ ಸಂಶಯದಿಂದ ನೋಡುತ್ತದೆ ಎಂಬುದು ವಿಜ್ಞಾನಿಗಳು ಕಂಡುಕೊಂಡ ಲೆಕ್ಕ.

ಹಾಗೆ ನಿಂತ ರೈಬೋಸೋಮಿನ ಬಳಿಗೆ ಯುಪಿಎಫ್-1 ಎಂಬ ಪ್ರೋಟೀನು ಬರುತ್ತದೆ. ಮುಂದೆ ಉಳಿದ ಪಿನ್ನಿಗೆ ಅಂಟಿಕೊಂಡಿರುವ ಅದರ ಜೊತೆಗಾರರ ಸಂಪರ್ಕ ಸಿಕ್ಕ ಕೂಡಲೇ ಯುಪಿಎಫ್-1 ಮೇಲೆ ರಾಸಾಯನಿಕ ಮುದ್ರೆ ಬೀಳುತ್ತದೆ. ಆ ಮುದ್ರೆಯೇ ಆಜ್ಞೆ. ಒಂದು ಕಿಣ್ವ ಓಲೆಯನ್ನು ಮಧ್ಯದಲ್ಲೇ ಕತ್ತರಿಸುತ್ತದೆ, ಬೇರೆ ಕಿಣ್ವಗಳು ಓಲೆಯ ತಲೆಯ ಟೋಪಿಯನ್ನೂ ಬಾಲವನ್ನೂ ತೆಗೆದು ಎರಡು ತುದಿಗಳಿಂದ ತಿಂದು ಮುಗಿಸುತ್ತವೆ. ಅಕ್ಷರಗಳು ಬಿಡಿಬಿಡಿಯಾಗಿ ಮುಂದಿನ ಓಲೆ ಬರೆಯಲು ಮತ್ತೆ ಬಳಕೆಯಾಗುತ್ತವೆ. ಏನೂ ದಂಡವಾಗುವುದಿಲ್ಲ.

ಇದು ಗೊತ್ತಾದ ಬಗೆಯಲ್ಲಿ ಥಲಸ್ಸೀಮಿಯಾಕ್ಕೆ ದೊಡ್ಡ ಪಾಲಿದೆ. 1979ರಲ್ಲಿ ಫ್ರಾನ್ಸಿನ ಲೋಸನ್ ಮತ್ತು ಲಾಕ್ರೂಟ್ ಎಂಬ ವಿಜ್ಞಾನಿಗಳು, ಅಕಾಲದಲ್ಲಿ 'ನಿಲ್ಲಿಸು' ಬಂದ ಓಲೆ ಬೇಗ ನಾಶವಾಗುವುದನ್ನು ಯೀಸ್ಟ್‌ನಲ್ಲಿ ಗಮನಿಸಿದರು. ಬ್ರೆಡ್ಡಿಗೆ ಹಾಕುವ ಅದೇ ಯೀಸ್ಟ್. ಅದೇ ವರ್ಷ ಅಮೆರಿಕದಲ್ಲಿ ಜೂಡಿ ಚಾಂಗ್ ಮತ್ತು ಯುಯೆಟ್ ವಾಯ್ ಕಾನ್ ಅವರು ಥಲಸ್ಸೀಮಿಯಾ ರೋಗಿಯೊಬ್ಬರ ಬೀಟಾ ಗ್ಲೋಬಿನ್‌ನಲ್ಲಿ 17ನೇ ಪದವೇ 'ನಿಲ್ಲಿಸು' ಆಗಿರುವುದನ್ನು ತೋರಿಸಿದರು. 1981ರಲ್ಲಿ ಲಿನ್ ಮ್ಯಾಕ್ವಾಟ್ ಮತ್ತು ಸಂಗಡಿಗರು ಥಲಸ್ಸೀಮಿಯಾ ರೋಗಿಗಳ ಮೂಳೆಮಜ್ಜೆಯ ಕೋಶಗಳನ್ನು ಪರೀಕ್ಷಿಸಿ, ಅಲ್ಲಿ ಬೀಟಾ ಓಲೆ ತಯಾರಾಗುತ್ತದೆ, ಆದರೆ ಬಾಳುವುದಿಲ್ಲ ಎಂದು ಕಂಡರು. ತಪಾಸಣೆ ಮನುಷ್ಯರಲ್ಲೂ ಇದೆ ಎಂದಾಯಿತು. ಇದಿಲ್ಲದೆ ಜೀವವೇ ಇಲ್ಲ ಎನ್ನಬೇಕು: ಯುಪಿಎಫ್-1 ಇಲ್ಲದ ಇಲಿಮರಿಗಳು ಗರ್ಭದಲ್ಲೇ ಸತ್ತುಹೋಗುತ್ತವೆ ಎಂದು 2001ರಲ್ಲಿ ಪ್ರಯೋಗದಿಂದ ತಿಳಿಯಿತು.

ಓಲೆಯನ್ನು ನಾಶ ಮಾಡಿದರೆ ಲಾಭ ಏನು? ಹೇಗೂ ಪೂರ್ಣ ಸರಪಳಿ ಸಿಗುವುದಿಲ್ಲವಲ್ಲ? ಈ ಪ್ರಶ್ನೆಗೆ ಉತ್ತರ, ತಪಾಸಣೆಯಿಂದ ತಪ್ಪಿಸಿಕೊಂಡ ಓಲೆಗಳಲ್ಲಿದೆ. ಕೆಲವು ಅಪರೂಪದ ಮನೆತನಗಳಲ್ಲಿ ದೋಷ ಇರುವುದು 121ನೇ ಪದದಲ್ಲಿ. ಅದು ಮೂರನೇ ತುಂಡು. ಅಲ್ಲಿ 'ನಿಲ್ಲಿಸು' ಬಂದರೆ ಮುಂದೆ ಪಿನ್ನೇ ಇಲ್ಲ. ಕೋಶಕ್ಕೆ ಸಂಶಯ ಬರುವುದಿಲ್ಲ, ಓಲೆ ಉಳಿಯುತ್ತದೆ, ಅದರಿಂದ ಮೊಂಡು ಸರಪಳಿಗಳು ತಯಾರಾಗುತ್ತಲೇ ಹೋಗುತ್ತವೆ. ಇವು ಆಲ್ಫಾ ಜೊತೆ ಸರಿಯಾಗಿ ಕೂಡಲಾರವು. ಮೂಳೆಮಜ್ಜೆಯಲ್ಲಿ ಬೆಳೆಯುತ್ತಿರುವ ಕೆಂಪು ಕಣಗಳ ಒಳಗೆ ಗಟ್ಟಿಯಾಗಿ ಕೂತು ಕಣವನ್ನೇ ಕೊಲ್ಲುತ್ತವೆ. ಪರಿಣಾಮವಾಗಿ ಒಂದು ಪ್ರತಿ ಕೆಟ್ಟು ಇನ್ನೊಂದು ಪೂರ್ತಿ ಸರಿಯಿದ್ದರೂ ಆ ಮನುಷ್ಯ ರೋಗಿಯೇ. ರಕ್ತಹೀನತೆ, ಗುಲ್ಮ ಊದಿಕೊಳ್ಳುವುದು, ಎಲ್ಲವೂ ಇರುತ್ತದೆ. ಸ್ವೀ ಲೇ ಥೇನ್ ಮತ್ತು ಸಂಗಡಿಗರು 1990ರಲ್ಲಿ ಈ ಗುಟ್ಟನ್ನು ಬಿಡಿಸಿ ಬರೆದರು. (ಓಲೆಯ ತೀರಾ ಆರಂಭದಲ್ಲಿ 'ನಿಲ್ಲಿಸು' ಬಂದರೂ ಕೆಲವೊಮ್ಮೆ ಓಲೆ ತಪ್ಪಿಸಿಕೊಳ್ಳುತ್ತದೆ. ಆದರೆ ಅದರಿಂದ ಆಗುವ ತುಂಡು ತೀರಾ ಚಿಕ್ಕದು, ಹಾನಿ ಮಾಡುವುದಿಲ್ಲ.)

ಈಗ ನಮ್ಮ 41-42ರ ದೋಷವಿರುವ ತಂದೆಯನ್ನು ನೋಡಿ. ಅವನ ಕೆಟ್ಟ ಪ್ರತಿಯಿಂದ ಹೊರಟ ಓಲೆಗಳನ್ನು ಕೋಶ ಹರಿದು ಹಾಕುತ್ತದೆ. ಮೊಂಡು ಸರಪಳಿ ಸೇರಿಕೊಳ್ಳುವುದಿಲ್ಲ. ಒಳ್ಳೆಯ ಪ್ರತಿ ತನ್ನ ಪಾಲಿನ ಬೀಟಾ ತಯಾರಿಸುತ್ತದೆ, ಜೀವನ ನಡೆಯಲು ಅದು ಸಾಕು. ಅವನು ಯಶವಂತಪುರ ಮಾರುಕಟ್ಟೆಯಲ್ಲಿ ಮೂಟೆ ಹೊರಬಲ್ಲ, ರೋಜಾ ಇಡಬಲ್ಲ, ಕ್ರಿಕೆಟ್ ಆಡಬಲ್ಲ. ಹಿಮೋಗ್ಲೋಬಿನ್ ಒಂದೆರಡು ಅಂಕ ಕಡಿಮೆ ಇರಬಹುದು, ಅಷ್ಟೇ. ಇಂಥವನನ್ನು ವಾಹಕ ಎನ್ನುತ್ತೇವೆ. ಆಸ್ಪತ್ರೆಯವರು ಥಲಸ್ಸೀಮಿಯಾ ಮೈನರ್ ಎಂದೂ ಬರೆಯುತ್ತಾರೆ. ಹೆಸರಿನಲ್ಲಿ ರೋಗ ಇದೆ, ಅವನಲ್ಲಿ ರೋಗ ಇಲ್ಲ.

ಕೆಟ್ಟದ್ದನ್ನು ಗುರುತಿಸಿ ಹೊರಹಾಕುವ ಶಕ್ತಿಯನ್ನು ನಮ್ಮ ಹಳೆಯ ಹಕೀಮರು ಕುವ್ವತೆ ದಾಫಿಆ ಎಂದು ಕರೆದರು. ಇದನ್ನು ಓದಿದಾಗ ನನಗೂ ಆ ಮಾತು ನೆನಪಾಯಿತು. ಆದರೆ ಅವರಿಗೆ ಎಂಆರ್‌ಎನ್‌ಎ ಆಗಲೇ ಗೊತ್ತಿತ್ತು ಎಂದು ಹೇಳಿಕೊಂಡು ಓಡಾಡುವುದು ಸರಿಯಲ್ಲ. ಅವರು ನೋಡುತ್ತಿದ್ದುದು ಬೆವರು, ಮೂತ್ರ, ಮಲ. ಇಲ್ಲಿ ನಡೆಯುವುದು ಕಣ್ಣಿಗೆ ಕಾಣದ ಒಂದು ಕೋಶದ ಒಳಗೆ.

ತಪಾಸಣೆ ತಪ್ಪನ್ನು ಹರಿದು ಹಾಕಬಲ್ಲದು, ತಿದ್ದಲಾರದು. ಕಷ್ಟ ಶುರುವಾಗುವುದು ಅಲ್ಲಿ. ತಂದೆ-ತಾಯಿ ಇಬ್ಬರೂ ವಾಹಕರಾಗಿದ್ದು, ಇಬ್ಬರ ಕೆಟ್ಟ ಪ್ರತಿಯೂ ಒಂದೇ ಮಗುವಿಗೆ ಬಂದರೆ, ಹರಿದು ಹಾಕಿದ ಮೇಲೆ ಉಳಿಯಲು ಒಳ್ಳೆಯ ಓಲೆಯೇ ಇರುವುದಿಲ್ಲ. ಪ್ರತಿ ಗರ್ಭದಲ್ಲೂ ಹೀಗಾಗುವ ಸಂಭವ ನಾಲ್ಕರಲ್ಲಿ ಒಂದು. ಮೊದಲ ಮಗುವಿಗೆ ಆಗಿದೆ, ಇನ್ನು ಮೂರು ಮಕ್ಕಳಿಗೆ ಭಯವಿಲ್ಲ ಎಂದು ಯಾರೂ ತಿಳಿಯಬಾರದು. ಪ್ರತಿ ಸಲವೂ ಲೆಕ್ಕ ಹೊಸದಾಗಿ ಶುರು.

ಹುಟ್ಟಿದಾಗ ಮಗು ಚೆನ್ನಾಗಿಯೇ ಇರುತ್ತದೆ. ಗರ್ಭದಲ್ಲಿ ಇರುವ ಹಿಮೋಗ್ಲೋಬಿನ್ ಬೇರೆ, ಅದಕ್ಕೆ ಬೀಟಾ ಬೇಡ. ಕೆಲವು ತಿಂಗಳಲ್ಲಿ ಅದು ಕಡಿಮೆಯಾಗಿ ಬೀಟಾದ ಸರದಿ ಬಂದಾಗ ಮಗು ಬಿಳಿಚಿಕೊಳ್ಳತೊಡಗುತ್ತದೆ, ಹಾಲು ಕುಡಿಯದು, ಹೊಟ್ಟೆ ಊದುತ್ತದೆ. ಜೊತೆ ಸಿಗದ ಆಲ್ಫಾ ಸರಪಳಿಗಳು ಕಣಗಳನ್ನು ಮಜ್ಜೆಯಲ್ಲೇ ಕೊಲ್ಲುತ್ತವೆ. ಆಮೇಲೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ರಕ್ತ ಕೊಡಿಸಬೇಕು, ಜೀವನಪೂರ್ತಿ. ಒಂದು ಯೂನಿಟ್ ರಕ್ತದಲ್ಲಿ 200ರಿಂದ 250 ಮಿಲಿಗ್ರಾಂ ಕಬ್ಬಿಣ ಇರುತ್ತದೆ. ಆರೋಗ್ಯವಂತ ದೇಹ ದಿನಕ್ಕೆ ಊಟದಿಂದ ಹೀರಿಕೊಳ್ಳುವುದು ಒಂದೆರಡು ಮಿಲಿಗ್ರಾಂ ಮಾತ್ರ. ಹೆಚ್ಚಾದ ಕಬ್ಬಿಣವನ್ನು ಹೊರಹಾಕಲು ದೇಹಕ್ಕೆ ದಾರಿ ಇಲ್ಲ. ಅದು ಹೃದಯ, ಯಕೃತ್ತುಗಳಲ್ಲಿ ಕೂರುತ್ತದೆ. ಅದನ್ನು ತೆಗೆಯುವ ಮಾತ್ರೆಗಳನ್ನು ಪ್ರತಿದಿನ ನುಂಗಬೇಕು. ಹೊಂದುವ ದಾನಿ ಸಿಕ್ಕರೆ ಅಸ್ಥಿಮಜ್ಜೆ ಕಸಿಯಿಂದ ಗುಣವಾಗುತ್ತದೆ, ಒಡಹುಟ್ಟಿದವರದು ಹೊಂದಿದರೆ ಅತಿ ಉತ್ತಮ. ಭಾರತದಲ್ಲಿ ವರ್ಷಕ್ಕೆ ಸುಮಾರು ಹತ್ತು ಸಾವಿರ ಮಕ್ಕಳು ಈ ಕಾಯಿಲೆಯೊಂದಿಗೆ ಹುಟ್ಟುತ್ತಾರೆ ಎಂದು ಅಂದಾಜು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಥಲಸ್ಸೀಮಿಯಾ ಸೇರಿದೆ. ಪ್ರಮಾಣಪತ್ರ ಮಾಡಿಸದೆ ಇರುವ ಕುಟುಂಬಗಳು ಮಾಡಿಸಿಕೊಳ್ಳಬೇಕು.

ಬೀಟಾ ಗ್ಲೋಬಿನ್‌ನಲ್ಲಿ ಇನ್ನೂರಕ್ಕೂ ಹೆಚ್ಚು ಬಗೆಯ ದೋಷಗಳಿವೆ, ಎಲ್ಲವೂ ಮೇಲೆ ಹೇಳಿದಂತೆ ನಡೆಯುವುದಿಲ್ಲ. ನಮ್ಮ ದೇಶದಲ್ಲಿ ಅತಿ ಹೆಚ್ಚಾಗಿರುವ ದೋಷ ಮೊದಲ ಹೊಲಿಗೆಯ ಜಾಗದಲ್ಲಿದೆ. ಅಲ್ಲಿ ಕತ್ತರಿ ತಪ್ಪು ಜಾಗದಲ್ಲಿ ಬಿದ್ದು, ಸರಿಯಾದ ಓಲೆ ಬಹಳ ಕಡಿಮೆ ಸಿಗುತ್ತದೆ. ದಾರಿ ಬೇರೆಯಾದರೂ ವಾಹಕ ಆರೋಗ್ಯವಾಗಿರುವುದು, ಎರಡು ಸೇರಿದರೆ ಮಗು ಕಷ್ಟಕ್ಕೆ ಬೀಳುವುದು, ಎರಡೂ ಅಲ್ಲಿಯೂ ಹಾಗೆಯೇ.

ಇನ್ನು ನಮ್ಮ ಮನೆಗಳ ಮಾತು. ಭಾರತೀಯರಲ್ಲಿ ಸುಮಾರು 25-30 ಜನರಲ್ಲಿ ಒಬ್ಬರು ವಾಹಕರು. ವಾಹಕನಾದ ಹುಡುಗ ಹೊರಗಿನ ಹುಡುಗಿಯನ್ನು ಮದುವೆಯಾದರೆ ಅವಳೂ ವಾಹಕಿಯಾಗಿರುವ ಸಂಭವ ಅಷ್ಟೇ. ಅದೇ ಹುಡುಗ ಮಾಮೂ ಮಗಳನ್ನೋ ಚಾಚಾ ಮಗಳನ್ನೋ ಮದುವೆಯಾದರೆ? ಕೆಟ್ಟ ಪ್ರತಿ ಆ ಕಡೆಯ ಪೋಷಕರಿಂದ ಬಂದಿರುವ ಸಂಭವ ಅರ್ಧ, ಅದು ಆ ಪೋಷಕರ ಒಡಹುಟ್ಟಿದವರಲ್ಲೂ ಇರುವ ಸಂಭವ ಅರ್ಧ, ಅಲ್ಲಿಂದ ಮಗಳಿಗೆ ಇಳಿದಿರುವ ಸಂಭವ ಅರ್ಧ. ಒಟ್ಟು ಎಂಟರಲ್ಲಿ ಒಂದು. ಅಂದರೆ ಮೂರು-ನಾಲ್ಕು ಪಟ್ಟು ಹೆಚ್ಚು.

ಇದು ನಮ್ಮ ಸಮುದಾಯದ ವಿಷಯ ಮಾತ್ರ ಎಂದು ಯಾರಾದರೂ ಬೆರಳು ತೋರಿಸಿದರೆ ಒಪ್ಪಬೇಡಿ. ಮತ್ತಿಕೆರೆಯ ಪಕ್ಕದಲ್ಲೇ ಇರುವ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಎನ್. ಅಪ್ಪಾಜಿ ರಾವ್ ಮತ್ತು ಅವರ ಸಂಗಡಿಗರು 1980ರ ದಶಕದಲ್ಲಿ ಬೆಂಗಳೂರು, ಮೈಸೂರುಗಳಲ್ಲಿ ಹೆರಿಗೆಗೆ ಬಂದ ತಾಯಂದಿರನ್ನು ವಿಚಾರಿಸಿ ನೋಡಿದಾಗ, ಮೂರರಲ್ಲಿ ಸುಮಾರು ಒಂದು ಮದುವೆ ರಕ್ತಸಂಬಂಧದಲ್ಲೇ ಆಗಿತ್ತು. ಹಿಂದೂಗಳಲ್ಲಿ ಸೋದರಮಾವನನ್ನೇ ಮದುವೆಯಾಗುವುದು ಹೆಚ್ಚಿತ್ತು, ನಮ್ಮಲ್ಲಿ ಅದು ಹರಾಂ. ಅವರಿಗೂ ನಮಗೂ ಪರೀಕ್ಷೆ ಒಂದೇ. ಹೊರಗಿನ ಸಂಬಂಧ ಮಾಡಿದರೆ ಪರೀಕ್ಷೆ ಬೇಡ ಎಂದೂ ಅಲ್ಲ. 25-30ರಲ್ಲಿ ಒಂದು ಎಂಬುದು ಚಿಕ್ಕ ಸಂಖ್ಯೆಯಲ್ಲ.

ಪರೀಕ್ಷೆ ಕಷ್ಟದ್ದೇನಲ್ಲ. ಮೊದಲು ಸಾಮಾನ್ಯ ರಕ್ತಪರೀಕ್ಷೆ, ಅಂದರೆ ಸಿಬಿಸಿ. ಅದರಲ್ಲಿ ಎಂಸಿವಿ ಎಂಬ ಸಾಲು ನೋಡಿ, ಅದು ಕೆಂಪು ಕಣದ ಗಾತ್ರ. 80ಕ್ಕಿಂತ ಕಡಿಮೆ ಇದ್ದರೆ ವಿಚಾರ ಮಾಡಬೇಕು. ಖಚಿತವಾಗುವುದು ಎಚ್‌ಪಿಎಲ್‌ಸಿ ಎಂಬ ಪರೀಕ್ಷೆಯಲ್ಲಿ. ಅದರಲ್ಲಿ ಹಿಮೋಗ್ಲೋಬಿನ್ ಎ-2 ಶೇ. 3.5ಕ್ಕಿಂತ ಹೆಚ್ಚಿದ್ದರೆ ಸಾಮಾನ್ಯವಾಗಿ ವಾಹಕ ಎಂದರ್ಥ. ಜೀವನದಲ್ಲಿ ಒಮ್ಮೆ ಮಾಡಿಸಿದರೆ ಸಾಕು. ಆದರೆ ಕಬ್ಬಿಣದ ಕೊರತೆ ಇದ್ದಾಗ ಎ-2 ಕಡಿಮೆ ತೋರಿಸಬಹುದು. ಆಗ ಕೊರತೆ ತುಂಬಿಸಿ ಮತ್ತೊಮ್ಮೆ ನೋಡಬೇಕು.

ಈ ಕಬ್ಬಿಣದ ವಿಷಯದಲ್ಲಿ ನಮ್ಮ ಯುನಾನಿ ಔಷಧಿಗಳ ಬಗ್ಗೆಯೂ ಹೇಳಲೇಬೇಕು. ಮುಖ ಬಿಳಿಚಿದೆ ಎಂದ ಕೂಡಲೇ ಶರಬತೆ ಫೌಲಾದ್, ಕುಶ್ತಾ ಫೌಲಾದ್ ತಂದು ಕೊಡುವ ಅಭ್ಯಾಸ ಹಲವು ಮನೆಗಳಲ್ಲಿದೆ. ಇವೆರಡರಲ್ಲೂ ಇರುವುದು ಕಬ್ಬಿಣವೇ. ಕಬ್ಬಿಣದ ಕೊರತೆ ಇರುವವರಿಗೆ ಅದು ಸರಿ. ವಾಹಕರ ಕಣಗಳೂ ಚಿಕ್ಕದಾಗಿಯೇ ಕಾಣುತ್ತವೆ, ಆದರೆ ಅವರಿಗೆ ಕೊರತೆ ಇಲ್ಲದಿದ್ದರೆ ಎಷ್ಟು ಬಾಟಲಿ ಕುಡಿದರೂ ಎಂಸಿವಿ ಏರುವುದಿಲ್ಲ. ರಕ್ತ ಪಡೆಯುತ್ತಿರುವ ಥಲಸ್ಸೀಮಿಯಾ ಮಗುವಿಗಂತೂ ಇವನ್ನು ಒಂದು ಚಮಚವೂ ಕೊಡಬಾರದು. ಈ ಕಾಯಿಲೆಯನ್ನು ಗುಣಪಡಿಸುವ ಮದ್ದು ಯುನಾನಿಯಲ್ಲಿ ಇಲ್ಲ. ಇದೆ ಎಂದು ಯಾರಾದರೂ ಹಣ ಕೇಳಿದರೆ ಎದ್ದು ಬನ್ನಿ.

ಸೌದಿ ಅರೇಬಿಯಾದಲ್ಲಿ 2004ರಿಂದ ನಿಕಾಹ್‌ಗೆ ಮುಂಚೆ ಈ ಪರೀಕ್ಷೆ ಕಡ್ಡಾಯ. ಫಲಿತಾಂಶ ನೋಡಿ ಮದುವೆಯಾಗುವುದು ಬಿಡುವುದು ಅವರಿಗೇ ಬಿಟ್ಟದ್ದು. ಇರಾನಿನಲ್ಲಿ 1997ರಿಂದಲೇ ಇದೆ. ನಮ್ಮಲ್ಲಿ ಕಡ್ಡಾಯವಿಲ್ಲ, ಆದ್ದರಿಂದ ಮನೆಯ ಹಿರಿಯರೇ ಮುಂದಾಗಬೇಕು. ಮಂಗನಿ ಆದ ಮೇಲೆ, ಹಾಲ್ ಬುಕ್ ಆದ ಮೇಲೆ ಪರೀಕ್ಷೆ ಮಾಡಿಸಿದರೆ ಜಗಳವೇ ಹೆಚ್ಚು. ಸಂಬಂಧದ ಮಾತು ಏಳುವ ಮೊದಲೇ ಮಾಡಿಸಿಡಿ. ನನ್ನ ಸಲಹೆ ಕೇಳಿದರೆ, ಮೊದಲು ಹುಡುಗನಿಗೆ ಮಾಡಿಸಿ. ಅವನ ವರದಿ ಸರಿಯಿದ್ದರೆ ಈ ಕಾಯಿಲೆಯ ಮಟ್ಟಿಗೆ ಹುಡುಗಿಯನ್ನು ಕೇಳುವ ಅಗತ್ಯವೇ ಇಲ್ಲ. ವಾಹಕಿ ಎಂಬ ಮಾತು ಬೀದಿಗೆ ಬಿದ್ದು ಹೆಣ್ಣುಮಗಳ ಸಂಬಂಧಗಳು ಮುರಿದುಹೋಗುವುದು ತಪ್ಪುತ್ತದೆ. ಅವನು ವಾಹಕನಾದರೆ ಮಾತ್ರ ಅವಳ ಪರೀಕ್ಷೆ. ಇಬ್ಬರಲ್ಲಿ ಒಬ್ಬರು ಮಾತ್ರ ವಾಹಕರಾದರೆ ನಿಶ್ಚಿಂತೆಯಿಂದ ನಿಕಾಹ್ ಮಾಡಬಹುದು, ಮಕ್ಕಳಿಗೆ ಥಲಸ್ಸೀಮಿಯಾ ಮೇಜರ್ ಬರುವುದಿಲ್ಲ. ಆದರೆ ಸಿಕಲ್ ಸೆಲ್ ಅಥವಾ ಹಿಮೋಗ್ಲೋಬಿನ್-ಇ ಎಂಬ ದೋಷ ಇನ್ನೊಬ್ಬರಲ್ಲಿ ಇಲ್ಲ ಎಂಬುದನ್ನು ಅದೇ ಎಚ್‌ಪಿಎಲ್‌ಸಿ ವರದಿಯಲ್ಲಿ ನೋಡಿಕೊಳ್ಳಬೇಕು.

ಮದುವೆ ಆಗಿಹೋಗಿದ್ದು ಇಬ್ಬರೂ ವಾಹಕರೆಂದು ಗೊತ್ತಾದವರು ಗರ್ಭ ಧರಿಸುವ ಮೊದಲೇ ವಂಶವಾಹಿ ತಜ್ಞರನ್ನು ಕಂಡು ಇಬ್ಬರ ದೋಷ ಯಾವುದೆಂದು ಡಿಎನ್‌ಎ ಪರೀಕ್ಷೆಯಿಂದ ತಿಳಿದಿಟ್ಟುಕೊಳ್ಳಬೇಕು. ಅದು ಗೊತ್ತಿದ್ದರೆ ಗರ್ಭದ ಹತ್ತರಿಂದ ಹನ್ನೆರಡು ವಾರದೊಳಗೆ ಶಿಶುವಿಗೆ ಎರಡು ಕೆಟ್ಟ ಪ್ರತಿ ಬಂದಿದೆಯೇ ಎಂದು ನೋಡಬಹುದು. ಆಮೇಲಿನ ನಿರ್ಧಾರಕ್ಕೆ ವೈದ್ಯರ ಜೊತೆ ನೀವು ನಂಬುವ ಆಲಿಮರನ್ನೂ ಕೇಳಿ, ಮತ್ತು ತಡಮಾಡದೆ ಕೇಳಿ. ಗರ್ಭದ ದಿನಗಳ ಲೆಕ್ಕ ಅಲ್ಲಿ ಮುಖ್ಯವಾಗುತ್ತದೆ.

ಈಗಾಗಲೇ ಕಾಯಿಲೆಯ ಮಗು ಇರುವ ಮನೆಯವರಿಗೆ ಒಂದು ಮಾತು. ಆ ಮಗುವಿನ ಚಾಚಾ, ಫುಫ್ಫು, ಮಾಮೂ, ಖಾಲಾ, ಅವರ ಮದುವೆಗೆ ಬಂದ ಮಕ್ಕಳು, ಎಲ್ಲರೂ ಪರೀಕ್ಷೆ ಮಾಡಿಸಿಕೊಳ್ಳಬೇಕಾದವರ ಪಟ್ಟಿಯಲ್ಲಿ ಮೊದಲಿಗರು. ವರದಿಯ ಜೆರಾಕ್ಸ್ ಒಂದನ್ನು ಆಧಾರ್, ರೇಷನ್ ಕಾರ್ಡ್ ಇಡುವ ಕವರಿನಲ್ಲೇ ಇಟ್ಟುಕೊಳ್ಳಿ. ಸಂಬಂಧದ ಮಾತು ಬಂದಾಗ ಹುಡುಕಾಡಬೇಕಾಗುವುದಿಲ್ಲ.